ನಡುಮಧ್ಯದ ಚಾನೆಲ್: ಒಂದೇ ಟವರಿನ ಎರಡು ರಿಪೀಟರ್‌ಗಳ ಪ್ರಕರಣ

ಒಂದೇ ಟವರಿನ ಎರಡು ರೇಡಿಯೋ ಜಾಲಗಳು ಒಂದನ್ನೊಂದು ಕಾಡಿದ ಈ ಪ್ರಕರಣ ಮಲೆನಾಡಿನ ಅಂಚಿನ ಒಂದು ಗುಡ್ಡಕ್ಕೆ ಸೇರಿದ್ದು. ಗುಡ್ಡದ ಹೆಸರು, ಜಿಲ್ಲೆ, ಸಂಸ್ಥೆಗಳ ಗುರುತು ಇಲ್ಲಿ ಕೊಟ್ಟಿಲ್ಲ. ಆವರ್ತನಗಳನ್ನೂ ಬದಲಿಸಿದೆ. ಅವುಗಳ ನಡುವಿನ ಅಂತರವನ್ನು ಮಾತ್ರ ಇದ್ದ ಹಾಗೆಯೇ ಉಳಿಸಿಕೊಂಡಿದೆ, ಯಾಕೆಂದರೆ ತೊಂದರೆ ಹುಟ್ಟಿದ್ದೇ ಆ ಅಂತರದಿಂದ.

ಹಿನ್ನೆಲೆ

ಗುಡ್ಡದ ತುದಿಯಲ್ಲಿ ಒಂದು ಕಬ್ಬಿಣದ ಟವರ್, ಬುಡದಲ್ಲಿ ಒಂದು ಶೆಡ್. ಎರಡೂ ಒಬ್ಬರೇ ಮಾಲೀಕರಿಗೆ ಸೇರಿದವು. ಜಾಗ ಕೇಳಿದವರಿಗೆ ಅವರು ಬಾಡಿಗೆಗೆ ಕೊಡುತ್ತಿದ್ದರು. ಯಾರ ಆಂಟೆನಾ ಎಷ್ಟು ಎತ್ತರದಲ್ಲಿದೆ, ಯಾವ ಆವರ್ತನದಲ್ಲಿದೆ ಎಂಬ ಪಟ್ಟಿ ಅವರ ಹತ್ತಿರ ಇರಲಿಲ್ಲ. ಬಾಡಿಗೆ ಕರಾರಿನಲ್ಲಿ ಇದ್ದದ್ದು ಆಂಟೆನಾದ ತೂಕ ಮತ್ತು ಕರೆಂಟ್ ಬಿಲ್ಲಿನ ಲೆಕ್ಕ ಮಾತ್ರ.

ಅಲ್ಲಿದ್ದದ್ದು ಮೂರು ರಿಪೀಟರ್‌ಗಳು. ರಿಪೀಟರ್ ಎಂದರೆ ಒಂದು ಆವರ್ತನದಲ್ಲಿ (ಇನ್‌ಪುಟ್) ಕೇಳಿದ್ದನ್ನು ಆ ಕ್ಷಣವೇ ಇನ್ನೊಂದು ಆವರ್ತನದಲ್ಲಿ (ಔಟ್‌ಪುಟ್) ಮರುಪ್ರಸಾರ ಮಾಡುವ ಯಂತ್ರ. ‘ಕ’ ಎಂಬುದು ತುರ್ತು ಸೇವೆಯೊಂದರ ಜಾಲ: ಔಟ್‌ಪುಟ್ 158.200 ಮೆಗಾಹರ್ಟ್ಜ್, ಇನ್‌ಪುಟ್ 162.800. ಬಹಳ ವರ್ಷಗಳಿಂದ ತಕರಾರಿಲ್ಲದೆ ನಡೆಯುತ್ತಿತ್ತು. ‘ಖ’ ಹೊಸದಾಗಿ ಬಂದದ್ದು, ಒಂದು ವಿದ್ಯುತ್ ಘಟಕದ ನಿರ್ವಹಣಾ ತಂಡದ ವಾಕಿ-ಟಾಕಿ ಜಾಲ: ಔಟ್‌ಪುಟ್ 160.500, ಇನ್‌ಪುಟ್ 165.100. ‘ಗ’ ಹ್ಯಾಮ್ (ಹವ್ಯಾಸಿ ರೇಡಿಯೋ) ಗುಂಪೊಂದರ ರಿಪೀಟರ್, 144ರಿಂದ 146ರ ಒಳಗೆ. ಕ, ಖ ಎರಡೂ 25 ವ್ಯಾಟ್, ಎರಡೂ 12.5 ಕಿಲೋಹರ್ಟ್ಜ್ ಚಾನೆಲ್. ಅವುಗಳ ಆಂಟೆನಾಗಳು ಟವರಿನ ಎದುರುಬದುರು ತೋಳುಗಳಲ್ಲಿ, ಒಂದೇ ಎತ್ತರದಲ್ಲಿ, 3 ಮೀಟರ್ ದೂರದಲ್ಲಿದ್ದವು.

ಎಲ್ಲರ ಕಾಗದಪತ್ರವೂ ಸರಿಯಾಗಿತ್ತು. ನಮ್ಮ ದೇಶದಲ್ಲಿ ಆವರ್ತನ ಕೊಡುವುದು ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ. ಟವರ್ ಮತ್ತು ಆಂಟೆನಾ ನಿಲ್ಲಿಸುವ ಜಾಗಕ್ಕೆ ಸ್ಯಾಕ್ಫಾ ಎಂಬ ಸಮಿತಿಯ ಅನುಮತಿ ಬೇಕು. ಕ ಮತ್ತು ಖ ಎರಡನ್ನೂ ಪಡೆದಿದ್ದವು. ಕಾಗದದ ಮೇಲೆ ಅವುಗಳ ಔಟ್‌ಪುಟ್‌ಗಳ ನಡುವೆ 2.3 ಮೆಗಾಹರ್ಟ್ಜ್ ಅಂತರ. ಒಂದೇ ಚಾನೆಲ್‌ನ ಜಗಳವೂ ಅಲ್ಲ, ಪಕ್ಕದ ಚಾನೆಲ್‌ನ ಜಗಳವೂ ಅಲ್ಲ.

ಸಮಸ್ಯೆ

ಖ ಶುರುವಾದ ಮೇಲೆ ಕ ರಿಪೀಟರ್ ಆಗಾಗ ಸಿಕ್ಕಿಹಾಕಿಕೊಳ್ಳತೊಡಗಿತು. ಸಿಬ್ಬಂದಿ ಮಾತಾಡಿ ಬಟನ್ ಬಿಟ್ಟರೂ ರಿಪೀಟರ್ ಪ್ರಸಾರ ನಿಲ್ಲಿಸುತ್ತಿರಲಿಲ್ಲ. ಒಡೆದ, ಗೊರಗುಟ್ಟುವ ಯಾರದೋ ದನಿ ಚಾನೆಲ್ ತುಂಬ ಕೇಳುತ್ತಿತ್ತು. ಕೆಲವೊಮ್ಮೆ 3 ನಿಮಿಷದ ಟೈಮರ್ ಕಡಿದು ಹಾಕುವ ತನಕ ಹಾಗೇ. ಅಷ್ಟು ಹೊತ್ತು ದೂರದ ಕಣಿವೆಯಲ್ಲಿರುವ ವಾಹನದ ಕರೆ ಯಾರಿಗೂ ಮುಟ್ಟುವುದಿಲ್ಲ. ತುರ್ತು ಸೇವೆಯಲ್ಲಿ 3 ನಿಮಿಷ ಸಣ್ಣ ಮಾತಲ್ಲ. ಪದೇ ಪದೇ ಸಂಪರ್ಕ ಕಡಿಯುವ ಇಂಥದ್ದನ್ನು ಅಂತರರಾಷ್ಟ್ರೀಯ ರೇಡಿಯೋ ನಿಯಮಾವಳಿ ‘ಹಾನಿಕಾರಕ ಇಂಟರ್‌ಫಿಯರೆನ್ಸ್’ ಎಂದೇ ಕರೆಯುತ್ತದೆ.

ಕ ತಂತ್ರಜ್ಞರು ಗುಡ್ಡ ಹತ್ತಿ ನೋಡಿದಾಗ ಏನೂ ಸಿಗುತ್ತಿರಲಿಲ್ಲ. ಆಂಟೆನಾ ಬಿಚ್ಚಿ ಡಮ್ಮಿ ಲೋಡ್ (ಸಿಗ್ನಲನ್ನು ಗಾಳಿಗೆ ಬಿಡದೆ ನುಂಗುವ ಸಾಧನ) ಹಾಕಿದ ಕೂಡಲೇ ತೊಂದರೆ ಮಾಯ. ಆಂಟೆನಾ ಜೋಡಿಸಿದರೆ ಹಾಜರ್. ಇದರಿಂದ ಅವರು ಬಂದ ತೀರ್ಮಾನ: ತಮ್ಮದೇ ಆಂಟೆನಾ ಅಥವಾ ಕೇಬಲ್ ಕೆಟ್ಟಿದೆ. ಈ ತೀರ್ಮಾನ ಎಷ್ಟು ಸಹಜವೋ ಅಷ್ಟೇ ತಪ್ಪು.

ಮೊದಲು ಮಾಡಿದ್ದು

ಕೇಬಲ್ ಬದಲಾಯಿತು, ಒಂದೇ ಆಂಟೆನಾದಲ್ಲಿ ಹೋಗುವ, ಬರುವ ಸಿಗ್ನಲ್‌ಗಳನ್ನು ಬೇರ್ಪಡಿಸುವ ಡುಪ್ಲೆಕ್ಸರನ್ನು ಮತ್ತೆ ಟ್ಯೂನ್ ಮಾಡಲಾಯಿತು, ಬೇರೆ ರಿಸೀವರ್ ತಂದು ಕೂರಿಸಲಾಯಿತು. ಏನೂ ಬದಲಾಗಲಿಲ್ಲ. ದುರ್ಬಲ ಸಿಗ್ನಲ್ ತಡೆಯುವ ಸ್ಕ್ವೆಲ್ಚ್ ಬಿಗಿ ಮಾಡಿದಾಗ ಅಂಚಿನಲ್ಲಿದ್ದ ಹಳ್ಳಿಗಳ ಕರೆಗಳೇ ನಿಂತುಹೋದವು, ಗೊರಗುಟ್ಟುವ ದನಿ ಮಾತ್ರ ನಿಲ್ಲಲಿಲ್ಲ. ಅದು ಅಷ್ಟು ಬಲವಾಗಿತ್ತು.

ಆಮೇಲೆ ಸಿಟಿಸಿಎಸ್ಎಸ್ ಟೋನ್ ಹಾಕಿದರು. ತಮ್ಮ ಸೆಟ್‌ಗಳು ಕಳಿಸುವ 100 ಹರ್ಟ್ಜ್ ಟೋನ್ ಇದ್ದರೆ ಮಾತ್ರ ರಿಪೀಟರ್ ಬಾಗಿಲು ತೆರೆಯಬೇಕು ಎಂಬ ಲೆಕ್ಕ. ಎಲ್ಲ ಸೆಟ್‌ಗಳನ್ನೂ ಕರೆಸಿ ಪ್ರೋಗ್ರಾಂ ಮಾಡಿದ್ದಾಯಿತು. ಆದರೂ ರಿಪೀಟರ್ ಸಿಕ್ಕಿಹಾಕಿಕೊಳ್ಳುವುದು ತಪ್ಪಲಿಲ್ಲ. ಹೊರಗಿನವರ ಸಿಗ್ನಲ್‌ನಲ್ಲಿ ತಮ್ಮ ಟೋನ್ ಹೇಗೆ ಬಂತು ಎಂಬುದಕ್ಕೆ ಆಗ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಈ ಪ್ರಶ್ನೆಯನ್ನು ಅಲ್ಲೇ ಹಿಡಿದು ಕೂತಿದ್ದರೆ ಪ್ರಕರಣ ಬೇಗ ಮುಗಿಯುತ್ತಿತ್ತು.

ಒಡೆದ ದನಿಯಲ್ಲಿ ಬ್ರೇಕರ್, ಫೀಡರ್ ಎಂಬ ಮಾತುಗಳು ಕೇಳಿದಾಗ ಅನುಮಾನ ಖ ಕಡೆ ತಿರುಗಿತು. ಪತ್ರ ಹೋಯಿತು. ಉತ್ತರವೂ ಬಂತು: “ನಮ್ಮ ಲೈಸೆನ್ಸ್ ಸರಿ ಇದೆ ಸರ್, ನಿಮ್ಮ ಚಾನೆಲ್‌ನಲ್ಲಿ ನಾವು ಪ್ರಸಾರ ಮಾಡುತ್ತಿಲ್ಲ, ಬೇಕಾದರೆ ಅಳೆದು ನೋಡಿ.” ಅಳೆದರೆ ಖ ಟ್ರಾನ್ಸ್‌ಮಿಟರ್ ಒಂಟಿಯಾಗಿದ್ದಾಗ ನಿಜಕ್ಕೂ ಶುದ್ಧವಾಗಿತ್ತು. ಸೌಜನ್ಯಕ್ಕೆಂದು ಅವರು 25 ವ್ಯಾಟನ್ನು 10ಕ್ಕೆ ಇಳಿಸಿದರು. ಅವರ ವ್ಯಾಪ್ತಿ ಕುಗ್ಗಿತು, ಕ ತೊಂದರೆ ಹೆಚ್ಚುಕಡಿಮೆ ಹಾಗೇ ಉಳಿಯಿತು. ಇಬ್ಬರಿಗೂ ಬೇಸರ.

ತಿರುವು

ಕ ಕಂಟ್ರೋಲ್ ರೂಮಿನ ಒಬ್ಬ ಆಪರೇಟರ್ ಟೈಮರ್ ಕಡಿದ ಪ್ರತಿ ಸಲದ ಹೊತ್ತನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಹೆಚ್ಚಿನವು ಬೆಳಗಿನ ಪಾಳಿ ಬದಲಾಗುವ ಹೊತ್ತಿನಲ್ಲಿದ್ದವು, ಅಂದರೆ ಎರಡೂ ಜಾಲಗಳಲ್ಲಿ ಮಾತು ಜಾಸ್ತಿ ಇರುವಾಗ. ಆ ಪಟ್ಟಿಯನ್ನು ನೋಡಿದ ಹ್ಯಾಮ್ ಗುಂಪಿನವರು ಕೇಳಿದ್ದು ಒಂದೇ ಪ್ರಶ್ನೆ: ಇಬ್ಬರೂ ಒಟ್ಟಿಗೆ ಪ್ರಸಾರದಲ್ಲಿದ್ದಾಗ ಮಾತ್ರ ಹೀಗಾಗುತ್ತದೆಯೇ?

ಲೆಕ್ಕ ಎರಡು ಸಾಲಿನದು. ಎರಡು ಬಲವಾದ ಸಿಗ್ನಲ್‌ಗಳು ಯಾವುದಾದರೂ ನೇರಗೆರೆಯಲ್ಲಿ ನಡೆಯದ, ಅಂದರೆ ಒಳಬಂದದ್ದರ ಪ್ರಮಾಣಕ್ಕೆ ತಕ್ಕಂತೆ ಹೊರಗೆ ಕೊಡದ, ಸಾಧನದಲ್ಲಿ ಕೂಡಿದರೆ ಹೊಸ ಆವರ್ತನಗಳು ಹುಟ್ಟುತ್ತವೆ. ಅವುಗಳಲ್ಲಿ ಹೆಚ್ಚು ಕಾಡುವುದು ಮೂರನೇ ದರ್ಜೆಯದು: ಒಂದರ ಎರಡರಷ್ಟರಿಂದ ಇನ್ನೊಂದನ್ನು ಕಳೆದದ್ದು. 2ಖ − ಕ ಎಂದರೆ 321.000 − 158.200 = 162.800. ಕ ಇನ್‌ಪುಟ್ ಸಂಖ್ಯೆಯೇ ಅದು, ಒಂದು ಕಿಲೋಹರ್ಟ್ಜ್ ವ್ಯತ್ಯಾಸವೂ ಇಲ್ಲ.

ಈಗ ಹಿಂದಿನ ಒಗಟುಗಳೆಲ್ಲ ಒಂದೊಂದಾಗಿ ಬಿಚ್ಚಿಕೊಂಡವು. ಕ ಪ್ರಸಾರಕ್ಕೆ ಬಂದಾಗ ಖ ಕೂಡ ಮಾತಾಡುತ್ತಿದ್ದರೆ ಕ ಇನ್‌ಪುಟ್ ಮೇಲೆ ಸಿಗ್ನಲ್ ಹುಟ್ಟುತ್ತದೆ. ಆ ಸಿಗ್ನಲ್ ಕ ರಿಪೀಟರನ್ನು ಪ್ರಸಾರದಲ್ಲೇ ಹಿಡಿದಿಡುತ್ತದೆ, ಕ ಪ್ರಸಾರ ಆ ಸಿಗ್ನಲನ್ನು ಜೀವಂತವಾಗಿಡುತ್ತದೆ. ಖ ಬಟನ್ ಬಿಡುವ ತನಕ ಈ ಸುತ್ತು ಮುಗಿಯುವುದಿಲ್ಲ. ಡಮ್ಮಿ ಲೋಡ್ ಹಾಕಿದರೆ ಕ ಸಿಗ್ನಲ್ ಗಾಳಿಗೆ ಹೋಗುವುದಿಲ್ಲ, ಮಿಶ್ರಣವೂ ಇಲ್ಲ. ಖ ಆವರ್ತನ ಎರಡರಷ್ಟಾಗುವಾಗ ಅದರ ಡೀವಿಯೇಷನ್ನೂ (ಮಾತಿಗೆ ತಕ್ಕಂತೆ ಆವರ್ತನ ಓಲಾಡುವ ಅಳತೆ) ಎರಡರಷ್ಟಾಗುತ್ತದೆ, 2.5 ಇದ್ದದ್ದು 5 ಕಿಲೋಹರ್ಟ್ಜ್. ಆದ್ದರಿಂದ ಅದು ಚಾನೆಲ್‌ಗೆ ಹಿಡಿಸದೆ ದನಿ ಒಡೆದು ಕೇಳುತ್ತಿತ್ತು. ಇನ್ನು ಟೋನ್. ಕ ರಿಪೀಟರ್ ಒಳಬಂದ 100 ಹರ್ಟ್ಜ್ ಟೋನನ್ನೇ ತನ್ನ ಔಟ್‌ಪುಟ್‌ನಲ್ಲೂ ಕಳಿಸುತ್ತಿತ್ತು. 2ಖ − ಕ ಸಿಗ್ನಲ್‌ನಲ್ಲಿ ಕ ಮಾಡ್ಯುಲೇಷನ್ ಹಾಗೇ ಇಳಿದು ಬರುತ್ತದೆ, ಟೋನ್ ಸಮೇತ. ತಮ್ಮ ಬಾಗಿಲಿನ ಕೀಲಿಯನ್ನು ತಾವೇ ಕೊಟ್ಟ ಹಾಗಾಗಿತ್ತು.

ಕ, ಖ ಎರಡೂ ಸರಿ ಇದ್ದು ಗುಡ್ಡದ ಮೇಲೆ ತಪ್ಪಾದದ್ದಕ್ಕೆ ಕಾರಣ ಇಷ್ಟೇ: 160.500 ಎಂಬುದು 158.200 ಮತ್ತು 162.800ರ ನಡುಮಧ್ಯ. ಯಾವುದೇ ರಿಪೀಟರಿನ ಔಟ್‌ಪುಟ್ ಮತ್ತು ಇನ್‌ಪುಟ್‌ಗಳ ಸರಿಯಾದ ನಡುಮಧ್ಯಕ್ಕೆ ಅದೇ ಟವರಿನಲ್ಲಿ ಇನ್ನೊಂದು ಟ್ರಾನ್ಸ್‌ಮಿಟರ್ ಬಂದರೆ ಈ ಫಲ ಖಚಿತ. ಔಟ್‌ಪುಟ್‌ಗೆ ಇನ್‌ಪುಟ್ ಎಷ್ಟು ಮೇಲಿದೆಯೋ ಅಷ್ಟೇ ಕೆಳಗಿನ ಆವರ್ತನವೂ ಅಪಾಯದ್ದೇ. ಕ ಮಟ್ಟಿಗೆ ಅದು 153.600. ಈ ಎರಡು ಸಂಖ್ಯೆಗಳನ್ನು ಪ್ರತಿ ರಿಪೀಟರಿನ ಪಕ್ಕದಲ್ಲಿ ಬರೆದಿಟ್ಟುಕೊಳ್ಳುವುದಕ್ಕೆ ಯಾವ ಸಾಫ್ಟ್‌ವೇರ್ ಕೂಡ ಬೇಡ.

ಇಷ್ಟು ಗೊತ್ತಾದ ಮೇಲೂ ಖ ತಂಡಕ್ಕೆ ಹಣ ಹಾಕಲು ಮನಸ್ಸಿರಲಿಲ್ಲ, ನಷ್ಟ ಕ ಜಾಲದ್ದು ತಾನೇ ಎಂಬ ಭಾವನೆ. ಅದನ್ನು ಬದಲಿಸಿದ್ದು ಐದನೇ ದರ್ಜೆಯ ಲೆಕ್ಕ. 3ಖ − 2ಕ ಎಂದರೆ 481.500 − 316.400 = 165.100, ಅದು ಖ ಇನ್‌ಪುಟ್. ತಿಂಗಳುಗಳಿಂದ ಖ ತಂಡ ತಮ್ಮ ಸೆಟ್‌ಗಳ ಬ್ಯಾಟರಿ, ಆಂಟೆನಾ ಬದಲಿಸುತ್ತಾ ಇದ್ದದ್ದು ಇದೇ ಕಾರಣಕ್ಕೆ: ಬೆಳಗಿನ ಹೊತ್ತು ದೂರದ ಕೆಲಸಗಾರರ ಕರೆ ಮುಳುಗಿಹೋಗುತ್ತಿತ್ತು. ಐದನೇ ದರ್ಜೆಯದು ದುರ್ಬಲ, ಹಾಗಾಗಿ ರಿಪೀಟರ್ ಸಿಕ್ಕಿಹಾಕಿಕೊಳ್ಳುತ್ತಿರಲಿಲ್ಲ, ಕರೆಗಳಷ್ಟೇ ಕಳೆದುಹೋಗುತ್ತಿದ್ದವು. ಇಬ್ಬರೂ ಒಂದೇ ಕಾಯಿಲೆಯಿಂದ ನರಳುತ್ತಿದ್ದಾರೆ ಎಂದು ಗೊತ್ತಾದ ದಿನ ಪತ್ರವ್ಯವಹಾರ ನಿಂತು ಮಾತುಕತೆ ಶುರುವಾಯಿತು.

ಎಲ್ಲಿ ಹುಟ್ಟುತ್ತಿದೆ?

ಸಂಖ್ಯೆ ಹೊಂದಿದ ಮಾತ್ರಕ್ಕೆ ಮದ್ದು ಗೊತ್ತಾಗುವುದಿಲ್ಲ. ಮಿಶ್ರಣ ಆಗಬಹುದಾದ ಜಾಗ ಮೂರು: ಕ ರಿಸೀವರಿನ ಮುಂಭಾಗ, ಯಾವುದಾದರೂ ಟ್ರಾನ್ಸ್‌ಮಿಟರಿನ ಕೊನೆಯ ಆಂಪ್ಲಿಫೈಯರ್, ಅಥವಾ ಟವರಿನ ತುಕ್ಕು ಹಿಡಿದ ಜೋಡಣೆ. ಒಂದೊಂದಕ್ಕೂ ಮದ್ದು ಬೇರೆ. ತಪ್ಪು ಜಾಗಕ್ಕೆ ಫಿಲ್ಟರ್ ಹಾಕಿದರೆ ಹಣ ಹೋಗುತ್ತದೆ, ತೊಂದರೆ ಹೋಗುವುದಿಲ್ಲ.

ಕರೆಗಳು ಕಡಿಮೆ ಇರುವ ಹೊತ್ತು ನೋಡಿ ಎಲ್ಲರೂ ಗುಡ್ಡದಲ್ಲಿ ಸೇರಿದರು. ಕ ವಾಹನಗಳಿಗೆ ಅಷ್ಟು ಹೊತ್ತು ಬಳಸಲು ಬದಲಿ ಚಾನೆಲ್ ಮೊದಲೇ ಹೇಳಿಟ್ಟಿದ್ದರು. ಇದನ್ನು ಮರೆತು ತುರ್ತು ಸೇವೆಯ ರಿಪೀಟರ್ ಮುಟ್ಟಬಾರದು.

ಮೊದಲ ಪರೀಕ್ಷೆ: ಕ ರಿಸೀವರಿನ ಮುಂದೆ 6 ಡೆಸಿಬೆಲ್ ಅಟೆನ್ಯುಯೇಟರ್, ಅಂದರೆ ಸಿಗ್ನಲ್ ತಗ್ಗಿಸುವ ಸಾಧನ. (ಡೆಸಿಬೆಲ್ ಸಿಗ್ನಲಿನ ಬಲದ ಅಳತೆ, ಪ್ರತಿ 10 ಡೆಸಿಬೆಲ್‌ಗೆ ಬಲ ಹತ್ತು ಪಟ್ಟು ಬದಲಾಗುತ್ತದೆ.) ಮೂರನೇ ದರ್ಜೆಯ ಮಿಶ್ರಣ ರಿಸೀವರಿನ ಒಳಗೇ ಆಗುತ್ತಿದ್ದರೆ ಅದು ಸುಮಾರು 18 ಡೆಸಿಬೆಲ್ ಕುಸಿಯಬೇಕು, ಹೊರಗೆ ಹುಟ್ಟಿ ಬರುತ್ತಿದ್ದರೆ 6 ಮಾತ್ರ. ಕುಸಿದದ್ದು 6. ಎರಡನೆಯದು: ಖ ಟ್ರಾನ್ಸ್‌ಮಿಟರ್ ಮತ್ತು ಅದರ ಡುಪ್ಲೆಕ್ಸರ್ ನಡುವೆ 160.500ಕ್ಕೆ ಟ್ಯೂನ್ ಮಾಡಿದ ಒಂದು ಬ್ಯಾಂಡ್‌ಪಾಸ್ ಕ್ಯಾವಿಟಿಯನ್ನು (ಆ ಆವರ್ತನವನ್ನು ಬಿಟ್ಟು ಉಳಿದವನ್ನು ತಡೆಯುವ ಫಿಲ್ಟರ್) ಎರವಲು ತಂದು ಹಾಕಿದರು. ಸಿಗ್ನಲ್ ಸುಮಾರು 50 ಡೆಸಿಬೆಲ್ ಬಿತ್ತು. ಹುಟ್ಟುವ ಜಾಗ ಖ ಟ್ರಾನ್ಸ್‌ಮಿಟರಿನ ಕೊನೆಯ ಹಂತ ಎಂಬುದು ಅಲ್ಲಿಗೆ ನಿಕ್ಕಿಯಾಯಿತು. ಯಾವ ಆವರ್ತನದಲ್ಲಿ ಎಷ್ಟು ಸಿಗ್ನಲ್ ಇದೆ ಎಂದು ತೋರಿಸುವ ಸ್ಪೆಕ್ಟ್ರಂ ಅನಲೈಸರ್ ಬಳಸುವವರು ಒಂದು ಎಚ್ಚರ ವಹಿಸಬೇಕು: ಇಂಥ ಟವರಿನ ಬುಡದಲ್ಲಿ ಅದರ ಮುಂದೆ ಫಿಲ್ಟರ್ ಇಲ್ಲದಿದ್ದರೆ ಅನಲೈಸರೇ ಒಳಗೆ ಮಿಶ್ರಣ ಮಾಡಿ ಇಲ್ಲದ ಸಿಗ್ನಲ್ ತೋರಿಸುತ್ತದೆ.

ದಾರಿ ಹೀಗೆ. ಕ ಟ್ರಾನ್ಸ್‌ಮಿಟರಿನ 25 ವ್ಯಾಟ್ ಎಂದರೆ 44 ಡಿಬಿಎಂ (ಒಂದು ಮಿಲಿವ್ಯಾಟಿಗೆ ಹೋಲಿಸಿದ ಡೆಸಿಬೆಲ್ ಅಳತೆ). ತನ್ನ ಡುಪ್ಲೆಕ್ಸರ್ ಮತ್ತು ಕೇಬಲಿನಲ್ಲಿ 2.5, ಎರಡು ಆಂಟೆನಾಗಳ ನಡುವೆ ಸುಮಾರು 20, ಖ ಕೇಬಲ್ ಮತ್ತು ಡುಪ್ಲೆಕ್ಸರಿನಲ್ಲಿ 2.5 ಡೆಸಿಬೆಲ್ ಕಳೆದು 19 ಡಿಬಿಎಂ ಖ ಆಂಪ್ಲಿಫೈಯರಿಗೆ ಹಿಂಬಾಗಿಲಿನಿಂದ ನುಗ್ಗುತ್ತಿತ್ತು. ಮಿಶ್ರಣದಲ್ಲಿ 15 ಡೆಸಿಬೆಲ್ ನಷ್ಟ ಹಿಡಿದರೆ ಹೊಸ ಸಿಗ್ನಲ್ 4 ಡಿಬಿಎಂ. ಅದೇ ದಾರಿಯಲ್ಲಿ ವಾಪಸು ಬಂದು ಕ ರಿಸೀವರ್ ಮುಟ್ಟುವಾಗ −21. ಆ ರಿಸೀವರ್ ತೆರೆದುಕೊಳ್ಳಲು −118 ಸಾಕು. 97 ಡೆಸಿಬೆಲ್ ಜಾಸ್ತಿ! ಸ್ಕ್ವೆಲ್ಚ್ ಯಾಕೆ ಸೋತಿತು ಎಂಬುದು ಈ ಒಂದು ಸಂಖ್ಯೆಯಲ್ಲಿದೆ. ಖ ತನ್ನ ವ್ಯಾಟ್ ಇಳಿಸಿದ್ದು ಯಾಕೆ ಫಲ ಕೊಡಲಿಲ್ಲ ಎಂಬುದೂ ಇಲ್ಲೇ ಇದೆ: ಹುಟ್ಟುವ ಸಿಗ್ನಲಿನ ಬಲವನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಹೊರಗಿನಿಂದ ನುಗ್ಗಿದ ಕ ಸಿಗ್ನಲಿನ ಮಟ್ಟ.

ಖ ಡುಪ್ಲೆಕ್ಸರ್ ಯಾಕೆ ತಡೆಯಲಿಲ್ಲ? ಅದು ಅಗ್ಗದ, ಚಿಕ್ಕ ನಾಚ್ ಮಾದರಿಯದು. ತನ್ನ ಎರಡು ಆವರ್ತನಗಳನ್ನು ಒಂದರಿಂದ ಇನ್ನೊಂದು ಬೇರ್ಪಡಿಸುತ್ತದೆ ಅಷ್ಟೇ, ಉಳಿದ ಆವರ್ತನಗಳಿಗೆ ಅದು ತೆರೆದ ದಾರಿ. ಒಂಟಿ ಗುಡ್ಡದಲ್ಲಿ ಅದು ಸಾಕು, ಹಂಚಿಕೊಂಡ ಟವರಿಗೆ ಯಾವತ್ತೂ ಸಾಲದು.

ಮದ್ದು, ಮತ್ತು ಯಾರ ಹಣ

ಖ ಆವರ್ತನ ಬದಲಿಸುವುದು ಎಲ್ಲಕ್ಕಿಂತ ಶುದ್ಧವಾದ ದಾರಿ. ಆದರೆ ಹೊಸ ಅರ್ಜಿ, ಕಾಯುವ ಕಾಲ, ಎಲ್ಲ ಸೆಟ್‌ಗಳ ಮರುಪ್ರೋಗ್ರಾಂ. ಅಷ್ಟು ದಿನ ತುರ್ತು ಸೇವೆ ಕಾಯುವಂತಿರಲಿಲ್ಲ. ಹೀಗಾಗಿ ಟವರಿನಲ್ಲೇ ಸರಿಪಡಿಸಲು ಒಪ್ಪಿದರು.

ಖ ಟ್ರಾನ್ಸ್‌ಮಿಟರಿನ ಬಾಯಿಗೆ ಎರಡು ಹಂತದ ಐಸೊಲೇಟರ್. ಇದು ಸಿಗ್ನಲನ್ನು ಹೊರಗೆ ಬಿಡುತ್ತದೆ, ಒಳಗೆ ಬರುವುದನ್ನು ಪಕ್ಕದ ಲೋಡಿಗೆ ತಿರುಗಿಸಿ ಸುಡುತ್ತದೆ, ಸುಮಾರು 55 ಡೆಸಿಬೆಲ್ ತಡೆ. ಅದರ ನಂತರ ಕ್ಯಾವಿಟಿ. 2.3 ಮೆಗಾಹರ್ಟ್ಜ್ ಆಚೆ ಇದು ಸುಮಾರು 25 ಡೆಸಿಬೆಲ್ ತಡೆಯುತ್ತದೆ, ಆದರೆ ಇಲ್ಲಿ ಲಾಭ ಎರಡು ಸಲ: ಒಳಬರುವ 158.200ಕ್ಕೂ 25, ಹೊರಹೋಗುವ 162.800ಕ್ಕೂ 25. ಒಟ್ಟು 105. ಬೇಕಾಗಿದ್ದ 97 ದಾಟಿತು. ಖ ಟ್ರಾನ್ಸ್‌ಮಿಟರಿನ ಅಕ್ಕಪಕ್ಕದ ಗದ್ದಲವೂ ಕ ಇನ್‌ಪುಟ್ ಮೇಲೆ ಬೀಳುವುದು ಕಡಿಮೆಯಾಯಿತು, ಅದು ಕ್ಯಾವಿಟಿಯ ಕೊಡುಗೆ.

ಜೋಡಣೆಯ ಕ್ರಮ ಮುಖ್ಯ: ಟ್ರಾನ್ಸ್‌ಮಿಟರ್, ಐಸೊಲೇಟರ್, ಲೋಪಾಸ್ ಫಿಲ್ಟರ್, ಕ್ಯಾವಿಟಿ, ಡುಪ್ಲೆಕ್ಸರ್, ಆಂಟೆನಾ. ಐಸೊಲೇಟರಿನ ಒಳಗಿನ ಫೆರೈಟ್ ತಾನೇ ಹಾರ್ಮೋನಿಕ್ (ಮೂಲದ ಎರಡು, ಮೂರು ಪಟ್ಟಿನ ಆವರ್ತನಗಳು) ಹುಟ್ಟಿಸುತ್ತದೆ. ಕಾಲು-ತರಂಗದ ಕ್ಯಾವಿಟಿ ಮೂರರಷ್ಟು ಆವರ್ತನವನ್ನೂ ಬಿಡುತ್ತದೆ. ಹಾಗಾಗಿ ಮೇಲಿನ ಆವರ್ತನಗಳನ್ನು ತಡೆಯುವ ಲೋಪಾಸ್ ಫಿಲ್ಟರನ್ನು ಕೈಬಿಡುವಂತಿಲ್ಲ. ಶೆಡ್ಡಿನೊಳಗಿನ ತುಂಡು ಕೇಬಲ್‌ಗಳು ಒಂದೇ ಹೆಣಿಗೆಯ ಆರ್‌ಜಿ-58 ಆಗಿದ್ದವು, ಇಂಥವು ಸೋರುತ್ತವೆ. ಎರಡು ಹೆಣಿಗೆಯ ಆರ್‌ಜಿ-214 ಹಾಕಿದರು.

ಖ ಎಂಜಿನಿಯರ್ ಎತ್ತಿದ ಆಕ್ಷೇಪ ನ್ಯಾಯವಾದದ್ದು: ಐಸೊಲೇಟರಿನಲ್ಲಿ 0.8, ಕ್ಯಾವಿಟಿಯಲ್ಲಿ 1 ಡೆಸಿಬೆಲ್ ಹೋದರೆ 25 ವ್ಯಾಟ್ 16.5ಕ್ಕೆ ಇಳಿಯುತ್ತದೆ. ಆದರೆ ಆ ಜಾಲದ ಎಲ್ಲೆಯನ್ನು ತೀರ್ಮಾನಿಸುತ್ತಿದ್ದದ್ದು ಕೆಲಸಗಾರರ ಕೈಯಲ್ಲಿನ 5 ವ್ಯಾಟ್ ಸೆಟ್ ಗುಡ್ಡಕ್ಕೆ ಮುಟ್ಟುತ್ತದೆಯೇ ಎಂಬುದು. ಮೊದಲು ಸೌಜನ್ಯಕ್ಕೆಂದು 10 ವ್ಯಾಟ್‌ಗೆ ಇಳಿದದ್ದಕ್ಕಿಂತ ಇದು ಎಷ್ಟೋ ವಾಸಿ.

ಖರ್ಚಿನ ವಿಷಯದಲ್ಲಿ ಎಳೆದಾಟ ನಡೆಯಿತು. ಕಡೆಗೆ ಒಪ್ಪಿದ ತತ್ವ: ಆಮೇಲೆ ಬಂದವರು ತಮ್ಮ ಟ್ರಾನ್ಸ್‌ಮಿಟರಿಗೆ ತಾವೇ ರಕ್ಷಣೆ ಹಾಕಬೇಕು, ಟವರಿನ ಕಬ್ಬಿಣದ ಹೊಣೆ ಮಾಲೀಕರದು, ಮತ್ತು ಕ ತನ್ನ ಔಟ್‌ಪುಟ್ ಟೋನನ್ನು ಇನ್‌ಪುಟ್ ಟೋನಿನಿಂದ ಬೇರೆ ಮಾಡಬೇಕು. ಟೋನ್ ಬದಲಿಸಿದರೆ ರಿಪೀಟರ್ ಸಿಕ್ಕಿಹಾಕಿಕೊಳ್ಳುವುದು ತಪ್ಪುತ್ತದೆಯೇ ಹೊರತು ಮುಳುಗಿದ ಕರೆ ಮೇಲೇಳುವುದಿಲ್ಲ. ಅದನ್ನು ಕೊನೆಯ ಬೇಲಿಯಾಗಿ ಮಾತ್ರ ನೋಡಬೇಕು.

ಉಳಿದ ಗೊರಗು

ಎಲ್ಲ ಹಾಕಿದ ಮೇಲೆ ಕ ರಿಸೀವರಿನಲ್ಲಿ ಲೆಕ್ಕದ ಪ್ರಕಾರ −126 ಇರಬೇಕು. ಗಾಳಿ ಇಲ್ಲದಾಗ ಏನೂ ಕೇಳುತ್ತಿರಲಿಲ್ಲ. ಗಾಳಿ ಬೀಸಿದರೆ ಚಟಪಟ ಸದ್ದಿನೊಂದಿಗೆ ಸಿಗ್ನಲ್ −105ರ ಆಸುಪಾಸಿಗೆ ಏರುತ್ತಿತ್ತು. ಗಾಳಿಗೆ ಬದಲಾಗುವ ಸಿಗ್ನಲ್ ಎಂದರೆ ಮೊದಲು ಲೋಹದ ಜೋಡಣೆ ನೋಡಬೇಕು. ಇಬ್ಬರೂ ಪ್ರಸಾರದಲ್ಲಿದ್ದಾಗ ಒಬ್ಬರು ಮರದ ಸುತ್ತಿಗೆಯಿಂದ ಟವರಿನ ಕೆಳಭಾಗದ ಭಾಗಗಳನ್ನು ಮೆಲ್ಲಗೆ ತಟ್ಟುತ್ತಾ ಬಂದರು, ಇನ್ನೊಬ್ಬರು ರಿಸೀವರಿಗೆ ಕಿವಿ ಕೊಟ್ಟರು. ಆಂಟೆನಾಗಳ ಹತ್ತಿರ ಹತ್ತುವ ಮುನ್ನ ಎಲ್ಲ ಟ್ರಾನ್ಸ್‌ಮಿಟರ್ ಆಫ್. ಕಡೆಗೆ ಸಿಕ್ಕಿದ್ದು ಯಾರೋ ಬಿಟ್ಟುಹೋದ ಹಳೆಯ ಯಾಗಿ ಆಂಟೆನಾ: ಅಲ್ಯೂಮಿನಿಯಂ ಬೂಮಿಗೆ ಕಬ್ಬಿಣದ ಕ್ಲಾಂಪ್, ನಡುವೆ ಮಳೆಗಾಲಗಳ ತುಕ್ಕು. ಆ ತುಕ್ಕಿನ ಪದರ ಡಯೋಡಿನಂತೆ ನಡೆದುಕೊಂಡು ಅದೇ 2ಖ − ಕ ಹುಟ್ಟಿಸುತ್ತಿತ್ತು. ಇದಕ್ಕೆ ಫಿಲ್ಟರ್ ಇಲ್ಲ, ಕಿತ್ತು ಕೆಳಗಿಳಿಸುವುದೊಂದೇ ದಾರಿ. ಬಳಸದ ಆಂಟೆನಾ, ಕೇಬಲ್ ಕಟ್ಟಿದ ತಂತಿ, ಸಡಿಲ ಏಣಿ ಎಲ್ಲವನ್ನೂ ಮಾಲೀಕರು ತೆಗೆಸಿದರು.

ಅದೇ ಸಮಯದಲ್ಲಿ ಖ ಆಂಟೆನಾವನ್ನು ಕ ಆಂಟೆನಾದ ನೇರ ಕೆಳಗೆ 5 ಮೀಟರ್ ಅಂತರಕ್ಕೆ ಇಳಿಸಿದರು. ಒಂದರ ಕೆಳಗೊಂದು ನೇರವಾಗಿದ್ದರೆ ಈ ಆವರ್ತನದಲ್ಲಿ 5 ಮೀಟರಿಗೆ ಸುಮಾರು 45 ಡೆಸಿಬೆಲ್ ಪ್ರತ್ಯೇಕತೆ ಸಿಗುತ್ತದೆ, ಪಕ್ಕಪಕ್ಕದ 3 ಮೀಟರಿನಲ್ಲಿ ಸಿಕ್ಕಿದ್ದು 20. ಹೋಗುವಾಗ 25, ಬರುವಾಗ 25, ಒಟ್ಟು 50 ಡೆಸಿಬೆಲ್ ಹೆಚ್ಚುವರಿ. ಟವರಿನಲ್ಲಿ ಜಾಗ ಹಂಚುವವರು ಅಡ್ಡ ಅಂತರಕ್ಕಿಂತ ಲಂಬ ಅಂತರಕ್ಕೆ ಬೆಲೆ ಕೊಟ್ಟಿದ್ದರೆ ಈ ಪ್ರಕರಣ ಅರ್ಧ ಕಡಿಮೆಯಾಗುತ್ತಿತ್ತು.

ಆಮೇಲೆ

ಶೆಡ್ಡಿನ ಗೋಡೆಯ ಮೇಲೆ ಈಗ ಒಂದು ಪಟ್ಟಿ ಇದೆ: ಪ್ರತಿಯೊಬ್ಬರ ಔಟ್‌ಪುಟ್, ಇನ್‌ಪುಟ್, ವ್ಯಾಟ್, ಆಂಟೆನಾ ಎತ್ತರ, ಯಾವ ಐಸೊಲೇಟರ್, ಯಾವ ಕ್ಯಾವಿಟಿ, ಯಾರಿಗೆ ಫೋನ್ ಮಾಡಬೇಕು. ಹೊಸಬರು ಅರ್ಜಿ ಹಾಕುವ ಮುನ್ನವೇ ಆ ಪಟ್ಟಿಯೊಂದಿಗೆ ಮೂರನೇ ಮತ್ತು ಐದನೇ ದರ್ಜೆಯ ಲೆಕ್ಕ ಮಾಡಿ ಎಲ್ಲರಿಗೂ ತೋರಿಸಬೇಕು. ಕೈಯಲ್ಲೇ ಮಾಡುತ್ತೇನೆ ಎನ್ನುವುದು ಬೇಗ ಕೈಮೀರುತ್ತದೆ. ಮೂರು ಟ್ರಾನ್ಸ್‌ಮಿಟರಿಗೆ ಮೂರನೇ ದರ್ಜೆಯವು 9, ನಾಲ್ಕಕ್ಕೆ 24, ಎಂಟಕ್ಕೆ 224. ಒಂದು ಸ್ಪ್ರೆಡ್‌ಶೀಟ್ ಸಾಕು. ಮಿಶ್ರಣದ ಸಿಗ್ನಲ್ ಅಗಲವಾಗಿರುವುದರಿಂದ ಸಂಖ್ಯೆ ತಾಳೆಯಾಗದಿದ್ದರೂ ಒಂದೆರಡು ಚಾನೆಲ್‌ನ ಹತ್ತಿರ ಬಂದರೆ ಅದನ್ನೂ ಡಿಕ್ಕಿ ಎಂದೇ ಎಣಿಸಬೇಕು.

ಪಟ್ಟಿ ಮೊದಲ ಸಲ ಕೆಲಸಕ್ಕೆ ಬಂದದ್ದು ‘ಘ’ ಬಂದಾಗ. ಜಲಾಶಯದಿಂದ ನೀರು ಬಿಡುವ ಮುನ್ನ ಕೆಳಗಿನ ಊರುಗಳ ಸೈರನ್‌ಗಳಿಗೆ ಸಂಕೇತ ಕಳಿಸುವ ಏಕಮುಖ ಟ್ರಾನ್ಸ್‌ಮಿಟರ್ ಅದು. ಅವರು ಕೇಳಬೇಕೆಂದಿದ್ದ ಆವರ್ತನ 153.600. 2ಕ − ಘ ನೇರ 162.800ಕ್ಕೆ, ಕ ಇನ್‌ಪುಟ್ ಮೇಲೆ. ಕ + ಖ − ಘ ನೇರ 165.100ಕ್ಕೆ, ಖ ಇನ್‌ಪುಟ್ ಮೇಲೆ. ಒಂದೇ ಸಂಖ್ಯೆಗೆ ಇಬ್ಬರೂ ಬಲಿಯಾಗುತ್ತಿದ್ದರು, ಅದೂ ಮಳೆಗಾಲದಲ್ಲಿ, ಎಲ್ಲರಿಗೂ ರೇಡಿಯೋ ಅತಿ ಅಗತ್ಯವಾದ ಹೊತ್ತಿನಲ್ಲಿ. ಅರ್ಜಿಯಲ್ಲಿ 153.750 ಎಂದು ಬದಲಿಸಿದರು. ಎರಡೂ ಮಿಶ್ರಣಗಳು ಇನ್‌ಪುಟ್‌ಗಳಿಂದ 150 ಕಿಲೋಹರ್ಟ್ಜ್ ಆಚೆ ಸರಿದವು. ಐಸೊಲೇಟರ್ ಮತ್ತು ಕ್ಯಾವಿಟಿ ಸಮೇತ ಘ ಟ್ರಾನ್ಸ್‌ಮಿಟರ್ ಕೂರಿಸಿದ ಮೇಲೆ ನಾಲ್ಕನ್ನೂ ಒಟ್ಟಿಗೆ ಪ್ರಸಾರಕ್ಕೆ ಬಿಟ್ಟು ಕ, ಖ, ಗ ಮೂರೂ ಇನ್‌ಪುಟ್‌ಗಳನ್ನು ಅಳೆದರು, ಅಂಕಿಗಳನ್ನು ಅದೇ ಪಟ್ಟಿಯ ಕೆಳಗೆ ಬರೆದು ನಾಲ್ವರೂ ಸಹಿ ಹಾಕಿದರು.